ಸೆಪ್ಸಿಸ್ ಪೇಷಂಟ್‌ಗೆ ಯಾವ ಡ್ರಿಪ್ ಹಾಕ್ತೀರಾ? ಎನ್‌ಎಸ್ಸಾ, ಆರ್‌ಎಲ್ಲಾ, ಎಷ್ಟಕ್ಕೆ ನಿಲ್ಲಿಸ್ತೀರಾ?

ತಾಲ್ಲೂಕು_ಡ್ಯೂಟಿ
ಎಲ್ರಿಗೂ ನಮಸ್ಕಾರ. ನಾನಿರೋದು ತಾಲ್ಲೂಕು ಆಸ್ಪತ್ರೇಲಿ, ಫಿಸಿಷಿಯನ್ ಇದ್ದಾಗ ಇರ್ತಾರೆ ಇಲ್ದಾಗ ಇಲ್ಲ, ರಾತ್ರಿ ಕ್ಯಾಶುಯಲ್ಟಿ ಅಂತೂ ನಮ್ದೇ. ಮಳೆಗಾಲ ಶುರುವಾದ್ರೆ ಸಾಕು, ನಾಲ್ಕೈದು ದಿನದ ಜ್ವರ, ಬಿಪಿ 80/50, ಕೈಕಾಲು ತಣ್ಣಗೆ, ಮೂತ್ರ ಹೋಗಿಲ್ಲ ಅಂತ ಬರೋರು ಜಾಸ್ತಿ, ಅಂದ್ರೆ ಸೋಂಕಿಂದ ಅಂಗಾಂಗ ಕೆಡೋ ಸೆಪ್ಸಿಸ್. ರಕ್ತಸಂಚಾರ ಕುಸಿದಾಗ (ಶಾಕ್) ರಕ್ತದಲ್ಲಿ ಏರೋ ಲ್ಯಾಕ್ಟೇಟ್ ನೋಡೋ ಮಷೀನ್ ನಮ್ಮಲ್ಲಿಲ್ಲ. ಆಂಟಿಬಯೋಟಿಕ್ ತಡ ಮಾಡಲ್ಲ, ಅದು ಓಕೆ. ಗೊಂದಲ ಇರೋದು ಬಾಟ್ಲಿ ವಿಷಯದಲ್ಲಿ, ಎನ್‌ಎಸ್ (ನಾರ್ಮಲ್ ಸಲೈನ್, ಉಪ್ಪುನೀರು) ಹಾಕೋದಾ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಹಾಕೋದಾ ಅಂತ. ಒಬ್ರು ಸೀನಿಯರ್ "ಕಣ್ಣು ಮುಚ್ಕೊಂಡು ಎನ್‌ಎಸ್ ಹಾಕಪ್ಪ, ಆರ್‌ಎಲ್‌ನಲ್ಲಿ ಲ್ಯಾಕ್ಟೇಟ್ ಇದೆ, ಪೊಟ್ಯಾಸಿಯಂ ಇದೆ" ಅಂತಾರೆ, ಇನ್ನೊಬ್ರು "ಎನ್‌ಎಸ್ ಸುರಿದ್ರೆ ಕಿಡ್ನಿ ಹೋಗುತ್ತೆ" ಅಂತಾರೆ. ಸ್ಟೋರಲ್ಲಿ ಸ್ಟಾರ್ಚ್ (ಪಿಷ್ಟದ ದೊಡ್ಡ ಕಣ ಇರೋ ಡ್ರಿಪ್) ಬಾಟ್ಲಿನೂ ಇದೆ, ಯಾವಾಗಲೋ ಓಟಿಗೆ ಅಂತ ತರಿಸಿದ್ದು. ನೀವೆಲ್ಲ ಏನ್ ಮಾಡ್ತೀರಾ ಹೇಳಿ, ಬರೀ ಗೈಡ್‌ಲೈನ್ ಕಾಪಿ ಪೇಸ್ಟ್ ಬೇಡ ಪ್ಲೀಸ್.

ಕಡಲತಡಿ_ಐಸಿಯು
ಮೊದಲು ಸಣ್ಣ ಉತ್ತರ. ಆರ್‌ಎಲ್ ಉಂಟಾ, ಆರ್‌ಎಲ್ ಹಾಕಿ. ಇಲ್ವಾ, ಎನ್‌ಎಸ್ ಹಾಕಿ, ಆರ್‌ಎಲ್ ಹುಡುಕ್ತಾ ಹತ್ತು ನಿಮಿಷ ಕೂರ್ಬೇಡಿ. ಸ್ಟಾರ್ಚ್ ಮುಟ್ಲೇಬೇಡಿ. ಡಿಎನ್‌ಎಸ್ (ಸಕ್ಕರೆ ಬೆರೆಸಿದ ಎನ್‌ಎಸ್), 5% ಡೆಕ್ಸ್‌ಟ್ರೋಸ್ (ಸಕ್ಕರೆ ನೀರು) ಇದಕ್ಕೆಲ್ಲ ಅಲ್ಲ, ಡೆಕ್ಸ್‌ಟ್ರೋಸ್ ನೀರು ರಕ್ತನಾಳದಲ್ಲಿ ನಿಲ್ಲುವುದೇ ಹನ್ನೆರಡರಲ್ಲಿ ಒಂದು ಪಾಲು, ಶುಗರ್ ಕಮ್ಮಿ ಇದ್ರೆ ಅದನ್ನು ಬೇರೆಯಾಗಿ ಸರಿ ಮಾಡಿ.

ಈಗ ಯಾಕೆ ಅಂತ. ಎನ್‌ಎಸ್‌ಗೆ ನಾರ್ಮಲ್ ಅಂತ ಯಾರು ಹೆಸರಿಟ್ರೋ ಮಾರಾಯ್ರೆ, ಅದರಲ್ಲಿ ಸೋಡಿಯಂ 154, ಕ್ಲೋರೈಡ್ 154. ನಮ್ಮ ರಕ್ತದಲ್ಲಿ ಕ್ಲೋರೈಡ್ ನೂರರ ಆಚೀಚೆ. ಒಂದೆರಡು ಬಾಟ್ಲಿಗೆ ಏನೂ ಆಗುದಿಲ್ಲ, ಮೂರು ನಾಲ್ಕು ಲೀಟರ್ ಹೋದ್ರೆ ಕ್ಲೋರೈಡ್ ಏರ್ತದೆ, ಆಮ್ಲ ತಗ್ಗಿಸುವ ಬೈಕಾರ್ಬ್ ಇಳಿತದೆ, ಎಬಿಜಿಯಲ್ಲಿ (ರಕ್ತದ ಆಮ್ಲ, ಅನಿಲದ ಪರೀಕ್ಷೆ) ಅಸಿಡೋಸಿಸ್, ಅಂದ್ರೆ ಆಮ್ಲ ಹೆಚ್ಚಾದದ್ದು, ಕಾಣ್ತದೆ. ಅದನ್ನು ನೋಡಿ ಡ್ಯೂಟಿಯವ್ರು "ಶಾಕ್ ಇನ್ನೂ ಸರಿ ಆಗ್ಲಿಲ್ಲ" ಅಂತ ಇನ್ನೊಂದು ಎನ್‌ಎಸ್ ಹಾಕ್ತಾರೆ. ಇದು ನಾನು ಎಷ್ಟೋ ರೆಫರಲ್ ಶೀಟಲ್ಲಿ ನೋಡಿದ್ದೇನೆ. ಆರ್‌ಎಲ್‌ನಲ್ಲಿ ಸೋಡಿಯಂ 130ರ ಹತ್ತಿರ, ಕ್ಲೋರೈಡ್ 110ರ ಹತ್ತಿರ, ಪೊಟ್ಯಾಸಿಯಂ 4 ರಿಂದ 5, ಸ್ವಲ್ಪ ಕ್ಯಾಲ್ಸಿಯಂ, ಲ್ಯಾಕ್ಟೇಟ್ 28-29.

ಟ್ರಯಲ್ ಬೇಕಾದ್ರೆ 2018ರ ಸ್ಮಾರ್ಟ್ ಟ್ರಯಲ್ ನೋಡಿ, ಅಮೆರಿಕದ ವ್ಯಾಂಡರ್‌ಬಿಲ್ಟ್‌ನದ್ದು, ಐಸಿಯು ಪೇಷಂಟ್‌ಗಳು 15,802. ಸಾವು, ಹೊಸದಾಗಿ ಡಯಾಲಿಸಿಸ್, ಕಿಡ್ನಿ ಸರಿಯಾಗದೇ ಉಳಿಯುವುದು, ಈ ಮೂರರಲ್ಲಿ ಒಂದಾದರೂ ಆದವರು ಬ್ಯಾಲೆನ್ಸ್ಡ್ (ಆರ್‌ಎಲ್ ಥರ ರಕ್ತಕ್ಕೆ ಹತ್ತಿರದ ದ್ರವ) ಗುಂಪಲ್ಲಿ 14.3%, ಸಲೈನ್ ಗುಂಪಲ್ಲಿ 15.4%. ಸೆಪ್ಸಿಸ್ ಇದ್ದವರನ್ನೇ ಬೇರೆ ತೆಗೆದು ನೋಡಿದ್ರೆ 30 ದಿನದ ಸಾವು 25.2% ಮತ್ತು 29.4%. ನನಗೆ ಇಷ್ಟು ಸಾಕು, ಯಾಕಂದ್ರೆ ಎರಡರ ರೇಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಹುಬ್ಳಿ_ಅರಿವಳಿಕೆ
ಸರ್ ನಿಮ್ಮ ಮಾತಿಗೆ ಪೂರ್ತಿ ಇಲ್ಲ ಅನ್ನಂಗಿಲ್ರಿ, ಆದ್ರ ಅರ್ಧಾನೇ ಹೇಳಿದ್ರಿ. ಸ್ಮಾರ್ಟ್ ಒಂದೇ ಆಸ್ಪತ್ರೀದು. ಅದಾದ ಮ್ಯಾಲೆ ಬ್ರೆಜಿಲ್‌ನವ್ರು ಬೇಸಿಕ್ಸ್ ಅಂತ ಮಾಡಿದ್ರು, 2021ರಾಗ ಬಂತು, 11 ಸಾವಿರ ಮಂದಿ, 90 ದಿನದ ಸಾವು 26.4% ಮತ್ತ 27.2%, ಫರಕ್ ಇಲ್ಲ. ಮರುವರ್ಷ ಆಸ್ಟ್ರೇಲಿಯಾ ನ್ಯೂಜಿಲೆಂಡ್‌ನವ್ರ ಪ್ಲಸ್ ಟ್ರಯಲ್, ಐದು ಸಾವಿರ ಮಂದಿ, 21.8 ಮತ್ತ 22.0. ಅಲ್ಲೂ ಏನಿಲ್ಲ. ಎನ್‌ಎಸ್ ಹಾಕಿದವ ಏನೋ ಪಾಪ ಮಾಡಿದಂಗ ಮಾತಾಡೋದು ಬಿಡ್ರಿ ಅನ್ನೋದಷ್ಟ ನಂದು. ಊರ್ ಕಡೆ ಡ್ಯೂಟಿ ಡಾಕ್ಟರ್‌ಗೆ ಹೆದರಿಕಿ ಹಚ್ಚಬಾರದು.

ಕಡಲತಡಿ_ಐಸಿಯು
ಒಪ್ಪಿದೆ ಸರ್, ಪಾಪ ಅಂತ ನಾನೂ ಹೇಳುದಿಲ್ಲ. ಆದರೆ ಬೇಸಿಕ್ಸ್‌ನಲ್ಲಿ ಹತ್ತಿರಹತ್ತಿರ ಅರ್ಧ ಜನ ಪ್ಲಾನ್ ಮಾಡಿದ ಸರ್ಜರಿ ಆಗಿ ಐಸಿಯುಗೆ ಬಂದವ್ರು, ನಮ್ಮ ಸೆಪ್ಸಿಸ್ ಪೇಷಂಟ್ ಹಾಗೆ ಅಲ್ಲ. ಮತ್ತೆ ತುಂಬ ಜನರಿಗೆ ಟ್ರಯಲ್‌ಗೆ ಸೇರುವ ಮೊದಲೇ ಬೇರೆ ಬೇರೆ ಫ್ಲೂಯಿಡ್ ಹೋಗಿತ್ತು. ಎಲ್ಲ ಟ್ರಯಲ್ ಸೇರಿಸಿ 2022ರಲ್ಲಿ ಲೆಕ್ಕ ಹಾಕಿದವ್ರು ಬ್ಯಾಲೆನ್ಸ್ಡ್‌ನಿಂದ ಸಾವು ಸ್ವಲ್ಪ ಕಮ್ಮಿ ಆಗುವ ಸಾಧ್ಯತೆ ಹತ್ತಿರ 90% ಅಂತ ಹೇಳಿದ್ರು. ಲಾಭ ಸಣ್ಣದು, ಖರ್ಚು ಇಲ್ಲ, ಹಾಗಾದ್ರೆ ಯಾಕೆ ಬಿಡ್ಬೇಕು?

ಹುಬ್ಳಿ_ಅರಿವಳಿಕೆ
ಅಷ್ಟಾದ್ರ ಓಕೆ ರೀ 👍 ತಲಿಗೆ ಪೆಟ್ಟು ಬಿದ್ದಾವಗ ಮಾತ್ರ ಎನ್‌ಎಸ್ ಅಂತ ಬರೀರಿ, ಬೇಸಿಕ್ಸ್‌ನಾಗೂ ಆ ಗುಂಪಿಗೆ ಬ್ಯಾಲೆನ್ಸ್ಡ್ ಹಾಕಿದ್ದು ಒಳ್ಳೇದಾಗ್ಲಿಲ್ಲ. ಮತ್ತ ವಾಂತಿ ಮಾಡ್ಕೊಂಡು ಮಾಡ್ಕೊಂಡು ಕ್ಲೋರೈಡ್ ಕಳ್ಕೊಂಡು ಬಂದಾವ್ಗೂ ಎನ್‌ಎಸ್ಸೇ.

ಪಿಜಿ_ಮೂರನೇವರ್ಷ
ಸರ್ ಡೌಟ್. ರೌಂಡ್ಸ್‌ನಲ್ಲಿ ಪ್ರತಿ ಸಲ ಇದೇ ಜಗಳ. ಕ್ರಿಯಾಟಿನಿನ್ 4 (ಅಂದ್ರೆ ಕಿಡ್ನಿ ಕೆಟ್ಟಿದೆ), ಪೊಟ್ಯಾಸಿಯಂ 5.6 ಇರೋನಿಗೆ ಆರ್‌ಎಲ್ ಹಾಕಿದ್ರೆ ನೆಫ್ರೋ (ಕಿಡ್ನಿ ಡಾಕ್ಟರ್) ಅವ್ರು ಫೋನಲ್ಲೇ ಬೈತಾರೆ. ಲ್ಯಾಕ್ಟೇಟ್ 6 ಇದ್ದಾಗ ಆರ್‌ಎಲ್ ಹಾಕಿದ್ರೆ ಮೆಡಿಸಿನ್ ಸೀನಿಯರ್ ಬೈತಾರೆ. ನಾವೇನ್ ಮಾಡ್ಬೇಕು ಹೇಳಿ 😭

ಕಡಲತಡಿ_ಐಸಿಯು
ಪೊಟ್ಯಾಸಿಯಂದು ಮೊದಲು. 4 ಇರುವ ದ್ರವವನ್ನು 5.6 ಇರುವ ರಕ್ತಕ್ಕೆ ಸೇರಿಸಿದ್ರೆ 5.6 ಮೇಲೆ ಹೋಗುದು ಹೇಗೆ? ಉಲ್ಟಾ, ಸಲೈನ್‌ನಿಂದ ಅಸಿಡೋಸಿಸ್ ಆದ್ರೆ ಸೆಲ್ ಒಳಗಿನ ಪೊಟ್ಯಾಸಿಯಂ ಹೊರಗೆ ಬರ್ತದೆ. ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಪರೇಷನ್‌ನಲ್ಲೇ ಎರಡನ್ನೂ ಹೋಲಿಸಿ ನೋಡಿದ್ದಾರೆ, 2005ರ ಪೇಪರ್, ಪೊಟ್ಯಾಸಿಯಂ ಜಾಸ್ತಿ ಆಗಿ ಚಿಕಿತ್ಸೆ ಬೇಕಾದದ್ದು ಸಲೈನ್ ಹಾಕಿದವರಲ್ಲೇ. ಹಾಗಂತ 7 ಇದ್ದು ಇಸಿಜಿ ಬದಲಾದವನಿಗೆ ಆರ್‌ಎಲ್ಲೇ ಬೇಕು ಅಂತ ಹಟ ಹಿಡಿಯುವುದು ಬೇಡ, ಅಲ್ಲಿ ಕೆಲಸವೇ ಬೇರೆ.

ಲ್ಯಾಕ್ಟೇಟ್‌ದು. ಬಾಟ್ಲಿಯಲ್ಲಿ ಇರುವುದು ಸೋಡಿಯಂ ಲ್ಯಾಕ್ಟೇಟ್, ಲ್ಯಾಕ್ಟಿಕ್ ಆಸಿಡ್ ಅಲ್ಲ. ಲಿವರ್ ಅದನ್ನು ಬೈಕಾರ್ಬ್ ಮಾಡ್ತದೆ. ಶಾಕ್‌ನಲ್ಲಿ ಲ್ಯಾಕ್ಟೇಟ್ ಏರುವುದು ದೇಹವೇ ತಯಾರಿಸುವುದರಿಂದ. ಲಿವರ್ ಪೂರ್ತಿ ಕೈಕೊಟ್ಟವನಿಗೆ ಮಾತ್ರ ಯೋಚನೆ ಮಾಡಿ, ಅಲ್ಲಿ ಅಸಿಟೇಟ್ ಇರುವ ಪ್ಲಾಸ್ಮಾಲೈಟ್ ತರಹದ್ದು ಸಿಕ್ಕಿದ್ರೆ ಒಳ್ಳೇದು, ಅದಕ್ಕೆ ರೇಟು ಮಾತ್ರ ಆರ್‌ಎಲ್‌ಗಿಂತ ಎಷ್ಟೋ ಪಾಲು ಜಾಸ್ತಿ.

ಬೈಯುವವರಿಗೆ ನನ್ನ ಹತ್ರ ಔಷಧ ಇಲ್ಲ 😄

ಲೀಡ್ಸ್_ರಿಜಿಸ್ಟ್ರಾರ್
ಇಲ್ಲಿ ಯುಕೆಲಿ ವಾರ್ಡಲ್ಲಿ ಹಾರ್ಟ್‌ಮನ್ಸ್ ಅಂತ ಬರೆದ್ರೆ ಯಾರೂ ಮಾತಾಡಲ್ಲ, ಅದೂ ಆರ್‌ಎಲ್‌ನ ಅಣ್ಣತಮ್ಮನೇ. ಈ ಜಗಳ ಊರಲ್ಲಿ ಇನ್ನೂ ಇದೆ ಅಂತ ನೋಡಿ ನಗು ಬಂತು, ನಾನೂ ಬೈಸ್ಕೊಂಡೇ ಬಂದೋನು. ಅಂದಹಾಗೆ "ಸಿವಿಯರ್ ಸೆಪ್ಸಿಸ್" ಅನ್ನೋ ಹೆಸರನ್ನೇ 2016ರಲ್ಲಿ ತೆಗೆದುಹಾಕಿದಾರೆ, ಈಗ ಸೆಪ್ಸಿಸ್, ಇಲ್ಲಾಂದ್ರೆ ಸೆಪ್ಟಿಕ್ ಶಾಕ್, ಎರಡೇ. ಕೇಸ್ ಶೀಟಲ್ಲಿ ಮಾತ್ರ ಇಲ್ಲೂ ಅಲ್ಲೂ ಎಲ್ರೂ ಹಳೇ ಹೆಸರೇ ಬರೀತಾರೆ.

ಸುಮ್ನೆ_ಓದೋನು
ನಾನು ಡಾಕ್ಟರ್ ಅಲ್ಲ, ಕ್ಷಮಿಸಿ ಮಧ್ಯ ಬಂದಿದ್ದಕ್ಕೆ. ಬಳ್ಳಾರಿಲಿ ಬಾಣಂತಿಯರು ಸತ್ತಿದ್ದು ಈ ಆರ್‌ಎಲ್ ಬಾಟ್ಲಿಯಿಂದ ಅಂತ ಟಿವಿಲಿ ಬಂದಿತ್ತಲ್ವಾ? ನೀವು ಅದನ್ನೇ ಹಾಕಿ ಹಾಕಿ ಅಂತಿದೀರಲ್ಲ. ನಮ್ಮಮ್ಮನಿಗೆ ಹಾಕಕ್ಕೆ ಬಂದ್ರೆ ನಾನು ಬೇಡ ಅಂತೀನಿ.

ತಾಲ್ಲೂಕು_ಡ್ಯೂಟಿ
ಇದೇ ನೋಡಿ ನನಗೆ ದಿನಾ ಆಗೋದು. ಅಟೆಂಡರ್‌ಗಳು ಬಾಟ್ಲಿ ಮೇಲಿನ ಹೆಸರು ಓದಿ ಕೇಳ್ತಾರೆ, "ಇದು ಅದೇನಾ ಡಾಕ್ಟ್ರೇ" ಅಂತ.

ಕಡಲತಡಿ_ಐಸಿಯು
ಕೇಳಿದ್ದು ಒಳ್ಳೇದಾಯ್ತು, ಕ್ಷಮೆ ಎಲ್ಲ ಬೇಡ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಬಂದದ್ದು ಒಂದು ಕಂಪನಿ ಸರಬರಾಜು ಮಾಡಿದ ಆರ್‌ಎಲ್ ಮೇಲೆ, ಅದರ ಗುಣಮಟ್ಟದ ಮೇಲೆ. ಸರ್ಕಾರ ಆ ಕಂಪನಿಯ ಆರ್‌ಎಲ್ ಬಳಕೆ ನಿಲ್ಲಿಸ್ತು. ಆರ್‌ಎಲ್ ಅನ್ನುವ ದ್ರವವೇ ವಿಷ ಅಂತ ಯಾರೂ ಹೇಳ್ಲಿಲ್ಲ. ಅದೇ ಥರ ಸರಿಯಾಗಿ ತಯಾರಾಗದ ಎನ್‌ಎಸ್ ಬಾಟ್ಲಿಯೂ ಅಷ್ಟೇ ಅಪಾಯ. ಹಾಗಾಗಿ ನಿಮ್ಮ ಅಮ್ಮನಿಗೆ ಹಾಕುವಾಗ ಆರ್‌ಎಲ್ ಬೇಡ ಅನ್ನುವ ಬದಲು ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ ಬರೆದಿಟ್ಟುಕೊಳ್ಳಿ, ಆ ಹಕ್ಕು ನಿಮಗೆ ಉಂಟು.

ನೈಟ್‌ಡ್ಯೂಟಿ_ಸಿಸ್ಟರ್
ಬ್ಯಾಚ್ ನಂಬರ್ ಕೇಸ್ ಶೀಟಲ್ಲಿ ಬರೆಯೋದು ನಮ್ಮ ವಾರ್ಡಲ್ಲಿ ಈಗ ರೂಢಿ ಆಗಿದೆ. ಬಾಟ್ಲಿನ ಬೆಳಕಿಗೆ ಹಿಡಿದು ಕಸ, ಮೋಡ ಮೋಡ ಇದ್ಯಾ ನೋಡ್ತೀವಿ, ಹಿಂಡಿ ಸೋರ್ತಿದ್ಯಾ ನೋಡ್ತೀವಿ. ಆದ್ರೆ ಒಂದು ತಿಳ್ಕೊಳಿ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಕಣ್ಣಿಗೆ ಕಾಣಲ್ಲ, ದ್ರವ ತಿಳಿಯಾಗೇ ಇರುತ್ತೆ. ಡ್ರಿಪ್ ಶುರು ಮಾಡಿ ಸ್ವಲ್ಪ ಹೊತ್ತಿಗೆ ಗಡಗಡ ನಡುಕ, ಜ್ವರ ಏರಿದ್ರೆ ತಕ್ಷಣ ನಿಲ್ಸಿ, ಸೆಟ್ ಸಮೇತ ಬದಲಾಯಿಸಿ, ಹಳೇ ಬಾಟ್ಲಿ ಸೆಟ್ ಎರಡೂ ಎಸೀಬೇಡಿ, ಕಟ್ಟಿ ಇಟ್ಟು ರಿಪೋರ್ಟ್ ಮಾಡಿ. ಸೆಪ್ಸಿಸ್ ಪೇಷಂಟ್‌ಗೆ ಮೊದಲೇ ನಡುಕ ಇರುತ್ತೆ ಅನ್ನೋದೇ ಕಷ್ಟ, ಅದಕ್ಕೇ ಶುರು ಮಾಡೋ ಮುಂಚಿನ ಟೆಂಪರೇಚರ್ ಬರೆದಿಡಿ.

ಹುಬ್ಳಿ_ಅರಿವಳಿಕೆ
ಸ್ಟಾರ್ಚ್ ವಿಷಯ ಎಲ್ಲಾರೂ ಒಂದ್ ಸಾಲ್ನಾಗ ಮುಗಿಸಿಬಿಟ್ರಿ, ಅದನ್ನ ಸ್ವಲ್ಪ ಹೇಳ್ತೀನಿ ತಡೀರಿ, ಯಾಕಂದ್ರ ನಮ್ ಕಾಲದಾಗ ಬಿಪಿ ಬಿತ್ತಂದ್ರ ಮೊದಲ ಕೈ ಹೋಗ್ತಿದ್ದದ್ದು ಅದಕ್ಕ. ಲೆಕ್ಕಾಚಾರ ಚಂದ ಇತ್ರಿ. ಕ್ರಿಸ್ಟಲಾಯ್ಡ್ (ಎನ್‌ಎಸ್, ಆರ್‌ಎಲ್ ಥರದ್ದು) ಹಾಕಿದ್ರ ನಾಲ್ಕರಾಗ ಮೂರು ಪಾಲು ಹೊರಗ ಸೋರ್ತದ, ಸ್ಟಾರ್ಚ್ ಕಣ ದೊಡ್ಡದು, ನಾಳದಾಗ ಉಳೀತದ, ಹಂಗಾಗಿ ಕಡಿಮಿ ಹಾಕಿದ್ರ ಸಾಕು ಅಂತ. ಆದ್ರ ಸೆಪ್ಸಿಸ್‌ನಾಗ ನಾಳದ ಗೋಡಿನ ತೂತು ಬಿದ್ದಿರ್ತದ, ತೂತು ಬಿದ್ದ ಕೊಡಕ್ಕ ನೀರಿನ ಬದ್ಲಿ ಗಂಜಿ ಹಾಕಿದ್ರೂ ಸೋರೂದ ಸೋರೂದ. ಸೋರಿದ್ದು ಕಿಡ್ನ್ಯಾಗ, ಚರ್ಮದಾಗ ಹೋಗಿ ಕೂಡ್ತದ.

ಮೊದಲ ಜರ್ಮನಿಯವ್ರು ಹಳೇ ಥರದ ಸ್ಟಾರ್ಚ್ ಮತ್ತ ಆರ್‌ಎಲ್ ಹೋಲಿಸಿ ನೋಡಿದ್ರು, 2008ರ ವೈಸೆಪ್ ಟ್ರಯಲ್, ಕಿಡ್ನಿ ಫೇಲ್ ಆದವ್ರು 34.9% ಮತ್ತ 22.8%. ಕಂಪನಿಯವ್ರು ಅಂದ್ರು, ಅದು ಹಳೇ ಮಾಲು, ಹೊಸಾದು ಸಣ್ಣ ಕಣ, ಏನೂ ಆಗಂಗಿಲ್ಲ. 2012ರಾಗ ಸ್ಕ್ಯಾಂಡಿನೇವಿಯಾದವ್ರು ಆ ಹೊಸಾದನ್ನೇ ಸಿವಿಯರ್ ಸೆಪ್ಸಿಸ್ ಇದ್ದ 800 ಮಂದ್ಯಾಗ ನೋಡಿದ್ರು, ಸಿಕ್ಸ್‌ಎಸ್ ಅಂತಾರ ಅದಕ್ಕ, 90 ದಿನಕ್ಕ ಸತ್ತವ್ರು ಸ್ಟಾರ್ಚ್‌ನಾಗ 51%, ರಿಂಗರ್ ಅಸಿಟೇಟ್‌ನಾಗ 43%. ಡಯಾಲಿಸಿಸ್ 22 ಮತ್ತ 16. ಅದ ವರ್ಷ ಆಸ್ಟ್ರೇಲಿಯಾದ ಚೆಸ್ಟ್ ಟ್ರಯಲ್, 7000 ಮಂದಿ ಐಸಿಯುದಾಗ, ಸಾವಿನಾಗ ಫರಕ್ ಇಲ್ಲ, ಆದ್ರ ಡಯಾಲಿಸಿಸ್ 7.0 ಮತ್ತ 5.8.

ಹಂಗಾದ್ರ ಇಷ್ಟ್ ವರ್ಷ ಸ್ಟಾರ್ಚ್ ಛಲೋ ಅಂತ ಬರೆದದ್ದು ಯಾರು ಅಂದ್ರ ಅಲ್ಲಿ ಅದ ಮಜಾ. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನ ಅರಿವಳಿಕೆ ಪ್ರೊಫೆಸರ್ ಯೋಆಖಿಮ್ ಬೋಲ್ಟ್, ಈ ವಿಷಯದಾಗ ದೊಡ್ಡ ಹೆಸರು. 2010ರಾಗ ಒಂದು ಪೇಪರಿನ ಅಂಕಿ ಇಷ್ಟ್ ಚಂದ ಹೆಂಗ ಬಂದಾವ ಅಂತ ಓದಿದವ್ರಿಗೆ ಸಂಶಯ ಬಂತು, ಹುಡುಕಿದ್ರ ಎಥಿಕ್ಸ್ ಪರ್ಮಿಷನ್ನೇ ಇಲ್ಲ, ಆಮ್ಯಾಲೆ 2011ರಾಗ ಸಾಲಾಗಿ ಹತ್ತಾರು ಪೇಪರ್ ವಾಪಸ್ ತಗೊಂಡ್ರು. 2013ರಾಗ ಒಂದು ಮೆಟಾ ಅನಾಲಿಸಿಸ್ (ಹಲವು ಟ್ರಯಲ್ ಕೂಡಿಸಿ ಲೆಕ್ಕ ಹಾಕೂದು) ಬಂತು, ಅವನ ಪೇಪರ್ ತಗದು ಲೆಕ್ಕ ಹಾಕಿದ್ರ ಸ್ಟಾರ್ಚ್ ಕೊಟ್ಟವ್ರಾಗ ಸಾವೂ ಜಾಸ್ತಿ, ಕಿಡ್ನಿ ತ್ರಾಸೂ ಜಾಸ್ತಿ. ಯುರೋಪಿನವ್ರು 2013ರಾಗ ಸೆಪ್ಸಿಸ್‌ಗೆ ಬ್ಯಾಡ ಅಂದ್ರು, 2022ರಾಗ ಪರವಾನಿಗಿನ ಸಸ್ಪೆಂಡ್ ಮಾಡಿದ್ರು. ನಮ್ ಕಡೆ ಸ್ಟೋರ್‌ನಾಗ ಇನ್ನೂ ಕುಂತಾವ. ಅದನ್ನ ವಾಪಸ್ ಕಳಸ್ರಿ, ರಾತ್ರಿ ಗಡಿಬಿಡಿಯೊಳಗ ಯಾರರ ತಗದು ಹಾಕಿಬಿಡ್ತಾರ.

ಪಿಜಿ_ಮೂರನೇವರ್ಷ
ಸರ್ ಇದನ್ನ ಯಾರೂ ಕ್ಲಾಸಲ್ಲಿ ಹೇಳೇ ಇಲ್ಲ!! ಜೆಲಾಟಿನ್ ಡ್ರಿಪ್ ಹಾಕ್ಬಹುದಾ?

ಹುಬ್ಳಿ_ಅರಿವಳಿಕೆ
ಅದೂ ಬ್ಯಾಡ. 2021ರ ಸರ್ವೈವಿಂಗ್ ಸೆಪ್ಸಿಸ್ ಗೈಡ್‌ಲೈನ್‌ನಾಗೂ ಬ್ಯಾಡ ಅಂತನ ಅದ.

ಸುಮ್ನೆ_ಓದೋನು
ಇನ್ನೊಂದು ಕೇಳ್ತೀನಿ. ಸಂಬಂಧಿಕರೊಬ್ಬರು ಐಸಿಯುನಲ್ಲಿದ್ದಾಗ ಅಲ್ಬುಮಿನ್ ತನ್ನಿ ಅಂತ ಚೀಟಿ ಮೇಲೆ ಚೀಟಿ, ಒಂದೊಂದು ಬಾಟ್ಲಿ ಸಾವಿರಗಟ್ಟಲೆ. ಚಿನ್ನ ಅಡ ಇಟ್ಟು ತಂದ್ವಿ. ಅದು ಬೇಕಿತ್ತಾ ಬೇಡ್ವಾ?

ಕಡಲತಡಿ_ಐಸಿಯು
ಆ ಪೇಷಂಟ್ ನೋಡದೇ ಅದು ಬೇಕಿತ್ತಾ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಲಿವರ್ ಸಿರೋಸಿಸ್ ಇದ್ದು ಹೊಟ್ಟೆ ನೀರಿಗೆ ಇನ್ಫೆಕ್ಷನ್ ಆದ್ರೆ ಅಲ್ಬುಮಿನ್‌ಗೆ (ಅದು ರಕ್ತದ ಒಂದು ಪ್ರೋಟೀನ್) ಬೇರೆಯೇ ಲೆಕ್ಕ, ಅಲ್ಲಿ ನಿಜಕ್ಕೂ ಬೇಕು. ಸಾಮಾನ್ಯ ಸೆಪ್ಸಿಸ್ ಬಗ್ಗೆ ಹೇಳ್ಬಹುದು. 2004ರ ಸೇಫ್ ಟ್ರಯಲ್, 6997 ಜನ, 4% ಅಲ್ಬುಮಿನ್ ಮತ್ತು ಸಲೈನ್, 28 ದಿನದ ಸಾವು ಸಮ. 2014ರಲ್ಲಿ ಇಟಲಿಯ ಆಲ್ಬಿಯೋಸ್, 1818 ಸೆಪ್ಸಿಸ್ ಪೇಷಂಟ್‌ಗಳಿಗೆ 20% ಅಲ್ಬುಮಿನ್ ಕೊಟ್ಟು ರಕ್ತದ ಮಟ್ಟ 3ರ ಮೇಲೆ ಇಟ್ರು, ಸಾವು 31.8 ಮತ್ತು 32.0. ಶಾಕ್ ಇದ್ದವರನ್ನು ಆಮೇಲೆ ಬೇರೆ ತೆಗೆದು ನೋಡಿದಾಗ ಸ್ವಲ್ಪ ಲಾಭ ಕಂಡಿತು, ಅದರ ಮೇಲೆ ಗೈಡ್‌ಲೈನ್‌ನವ್ರು ಬಹಳ ಕ್ರಿಸ್ಟಲಾಯ್ಡ್ ಹೋದ ಮೇಲೆ ಬೇಕಾದ್ರೆ ಅಲ್ಬುಮಿನ್ ಅಂತ ಮೆತ್ತಗೆ ಬರೆದಿದ್ದಾರೆ. ಅಂದ್ರೆ ಮೊದಲ ಬಾಟ್ಲಿ ಅಂತೂ ಅಲ್ಲ, ರಿಪೋರ್ಟಲ್ಲಿ ಅಲ್ಬುಮಿನ್ 2.4 ಬಂತು ಅಂತ ನಂಬರ್ ಸರಿ ಮಾಡ್ಲಿಕ್ಕೆ ಕೊಡುವುದೂ ಅಲ್ಲ. ಚಿನ್ನ ಅಡ ಇಡಿಸುವಷ್ಟು ಪುರಾವೆ ಇಲ್ಲ. ಇದು ನನ್ನ ಅಭಿಪ್ರಾಯ, ಬೇರೆಯವ್ರು ಒಪ್ಪದೇ ಇರ್ಬಹುದು.

ತಾಲ್ಲೂಕು_ಡ್ಯೂಟಿ
ಸರಿ, ಯಾವುದು ಅನ್ನೋದು ಕ್ಲಿಯರ್ ಆಯ್ತು. ಎಷ್ಟು? 30 ಎಂಎಲ್ ಪರ್ ಕೆಜಿ ಅಂತ ಓದಿದೀವಿ, ನಮ್ಮ ಪೇಷಂಟ್ 50 ಕೆಜಿ ಅಂದ್ರೆ ಒಂದೂವರೆ ಲೀಟರ್, ಮೂರು ಬಾಟ್ಲಿ. ಅದಾದ ಮೇಲೂ ಬಿಪಿ ಬರ್ದಿದ್ರೆ ನಾಲ್ಕನೇದು ಐದನೇದು ಹಾಕ್ತಾ ಹೋಗ್ತೀವಿ, ಆಂಬುಲೆನ್ಸ್ ಬರೋ ಹೊತ್ತಿಗೆ ಶ್ವಾಸಕೋಶದಲ್ಲಿ ಕ್ರೆಪ್ಸ್ (ನೀರು ತುಂಬಿದ ಸದ್ದು).

ಕಡಲತಡಿ_ಐಸಿಯು
ಈಗ ನಿಜವಾದ ಪ್ರಶ್ನೆ ಬಂತು ನೋಡಿ. ಎನ್‌ಎಸ್ಸಾ ಆರ್‌ಎಲ್ಲಾ ಅನ್ನುವುದರಿಂದ ಆಗುವ ವ್ಯತ್ಯಾಸ ನೂರರಲ್ಲಿ ಒಂದೋ ಎರಡೋ. ನಾಲ್ಕನೇ ಬಾಟ್ಲಿ ಹಾಕುದಾ ನಾರ್‌ಅಡ್ (ಬಿಪಿ ಏರಿಸುವ ನಾರ್‌ಅಡ್ರಿನಲಿನ್) ಶುರು ಮಾಡುದಾ ಅನ್ನುವುದರಿಂದ ಆಗುವುದು, ಅದೂ ವೆಂಟಿಲೇಟರ್ ಇಲ್ಲದ ಜಾಗದಲ್ಲಿ, ಬಹಳ ದೊಡ್ಡದು.

ಇದಕ್ಕೆ ಅಮೆರಿಕದ್ದಕ್ಕಿಂತ ಆಫ್ರಿಕಾದ ಟ್ರಯಲ್ ಓದಿ, ನಿಮ್ಮ ಆಸ್ಪತ್ರೆ ಅದಕ್ಕೆ ಹತ್ತಿರ. 2011ರ ಫೀಸ್ಟ್, ಕೀನ್ಯಾ ಟಾಂಜಾನಿಯಾ ಉಗಾಂಡಾದ ಮೂರು ಸಾವಿರ ಚಿಲ್ಲರೆ ಮಕ್ಕಳು, ಜ್ವರ ಮತ್ತು ರಕ್ತಸಂಚಾರ ಕುಗ್ಗಿದ ಲಕ್ಷಣ ಇದ್ದವ್ರು. ಬೋಲಸ್ (ಒಮ್ಮೆಗೇ ಬೇಗ ಹರಿಸುವ ದ್ರವ) ಕೊಟ್ಟವರಲ್ಲಿ 48 ಗಂಟೆಯ ಸಾವು 10.6% (ಅಲ್ಬುಮಿನ್), 10.5% (ಸಲೈನ್), ಬೋಲಸ್ ಕೊಡದವರಲ್ಲಿ 7.3%. ಬಾಟ್ಲಿ ಯಾವುದಾದ್ರೂ ಒಂದೇ, ಬೋಲಸ್ಸೇ ತೊಂದರೆ ಕೊಟ್ಟದ್ದು. ಮತ್ತೆ 2017ರಲ್ಲಿ ಜಾಂಬಿಯಾದ ಲುಸಾಕಾದಲ್ಲಿ ದೊಡ್ಡವರ ಮೇಲೆ, ಬಿಪಿ ಇಳಿದ ಸೆಪ್ಸಿಸ್ ಪೇಷಂಟ್ 212 ಜನ, ಪ್ರೋಟೋಕಾಲ್ ಪ್ರಕಾರ ಬೇಗ ಜಾಸ್ತಿ ಫ್ಲೂಯಿಡ್ ಹಾಕಿದವರಲ್ಲಿ ಸಾವು 48.1%, ಮಾಮೂಲಿ ಚಿಕಿತ್ಸೆಯಲ್ಲಿ 33%. ಅಲ್ಲಿ ಎಚ್‌ಐವಿ, ಟಿಬಿ, ರಕ್ತಹೀನತೆ ಜಾಸ್ತಿ, ನಮ್ಮಲ್ಲಿಗೆ ಹಾಗ್ಹಾಗೇ ತರುವುದು ತಪ್ಪು, ಆದರೆ ವೆಂಟಿಲೇಟರ್ ಇಲ್ಲದಲ್ಲಿ ನೀರು ತುಂಬಿಸಿದ್ರೆ ಏನಾಗ್ತದೆ ಅಂತ ಗೊತ್ತಾಗ್ತದಲ್ಲ.

ಲೀಡ್ಸ್_ರಿಜಿಸ್ಟ್ರಾರ್
ಇನ್ನೊಂದು ಕಡೆನೂ ಹೇಳ್ಬೇಕು. ಕ್ಲಾಸಿಕ್ 2022, ಕ್ಲೋವರ್ಸ್ 2023 ಅಂತ ಟ್ರಯಲ್‌ಗಳು, ಎರಡರಲ್ಲೂ ಕಮ್ಮಿ ಫ್ಲೂಯಿಡ್ ಗುಂಪಿಗೂ ಜಾಸ್ತಿ ಗುಂಪಿಗೂ ಸಾವಲ್ಲಿ ವ್ಯತ್ಯಾಸ ಬರಲಿಲ್ಲ. ಅಲ್ಲಿ ಎಲ್ರಿಗೂ ಮೊದಲ ಒಂದೆರಡು ಲೀಟರ್ ಆಗಲೇ ಹೋಗಿತ್ತು ಅನ್ನೋದು ಮರೀಬೇಡಿ. ಅಂದ್ರೆ "ಫ್ಲೂಯಿಡ್ಡೇ ಬೇಡ" ಅಂತ ಯಾರೂ ತೋರಿಸಿಲ್ಲ. 30 ಎಂಎಲ್ ಅನ್ನೋದನ್ನ ಮಾತ್ರ 2021ರಲ್ಲಿ ಗಟ್ಟಿ ಶಿಫಾರಸಿನಿಂದ ಸಾದಾ ಸಲಹೆಗೆ ಇಳಿಸಿದಾರೆ.

ಕಡಲತಡಿ_ಐಸಿಯು
ಹೌದು. ನಾನು ಮಾಡುವುದು ಹೇಳ್ತೇನೆ. ಮೂರೂ ಬಾಟ್ಲಿ ಒಟ್ಟಿಗೆ ಆರ್ಡರ್ ಬರೆಯುದಿಲ್ಲ. ಒಂದು 500 ಹಾಕಿ ನೋಡುದು, ಮತ್ತೆ ಇನ್ನೊಂದು. ಪ್ರತಿ ಸಲ ಬಿಪಿ, ನಾಡಿ, ಉಸಿರಿನ ವೇಗ, ಸ್ಯಾಚುರೇಶನ್, ಬೆನ್ನ ಕೆಳಗೆ ಕ್ರೆಪ್ಸ್. ಲ್ಯಾಕ್ಟೇಟ್ ಇಲ್ಲ ಅಂತ ಚಿಂತೆ ಬೇಡ, ಬೆರಳ ತುದಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ, ಬಣ್ಣ ಬರ್ಲಿಕ್ಕೆ ಮೂರು ಸೆಕೆಂಡ್‌ಗಿಂತ ಜಾಸ್ತಿ ಬೇಕಾದ್ರೆ ಇನ್ನೂ ಶಾಕ್ ಉಂಟು. 2019ರ ಆಂಡ್ರೋಮಿಡಾ ಟ್ರಯಲ್‌ನಲ್ಲಿ ದಕ್ಷಿಣ ಅಮೆರಿಕದವ್ರು ಇದನ್ನೇ ಲ್ಯಾಕ್ಟೇಟ್ ಜೊತೆ ಹೋಲಿಸಿದ್ರು, ಬೆರಳು ನೋಡಿ ಚಿಕಿತ್ಸೆ ಮಾಡಿದ ಗುಂಪು ಹಿಂದೆ ಬೀಳ್ಲಿಲ್ಲ. ಎರಡನೇ ಬಾಟ್ಲಿ ನಡೀತಾ ಇರುವಾಗಲೇ ಬಿಪಿ ತೀರಾ ಕೆಳಗೆ ಇದ್ರೆ ನಾರ್‌ಅಡ್ ರೆಡಿ ಮಾಡಿಸಿ, ಸೆಂಟ್ರಲ್ ಲೈನ್‌ಗೆ ಕಾಯ್ಬೇಡಿ, ಮೊಣಕೈ ಮಡಿಕೆಯಲ್ಲಿ ಅಥವಾ ಅದರ ಮೇಲೆ ಒಳ್ಳೇ ದಪ್ಪ ವೇನ್‌ನಲ್ಲಿ ಸ್ವಲ್ಪ ಹೊತ್ತು ಕೊಡ್ಬಹುದು, ಗೈಡ್‌ಲೈನೂ ಒಪ್ತದೆ.

ನಮ್ಮ ಕರಾವಳಿಯ ಇಲಿಜ್ವರ, ಮಲೆನಾಡಿನ ಸ್ಕ್ರಬ್ ಟೈಫಸ್, ಎರಡರಲ್ಲೂ ಶ್ವಾಸಕೋಶ ಬೇಗ ಕೆಡ್ತದೆ, ಅಲ್ಲಿ ಇನ್ನೂ ಕೈ ಬಿಗಿ ಹಿಡೀರಿ. ಡೆಂಗ್ಯೂ ಶಾಕ್ ಅಂತೂ ಬೇರೆಯೇ ದಾರಿ, ಪಿಸಿವಿ (ರಕ್ತ ಎಷ್ಟು ಗಟ್ಟಿ ಅಂತ ತೋರಿಸುವ ಪರೀಕ್ಷೆ) ನೋಡಿ ಗಂಟೆ ಗಂಟೆಗೆ ಏರಿಸಿ ಇಳಿಸುವುದು, ಅದನ್ನು ಇದರ ಜೊತೆ ಕಲೆಸ್ಬೇಡಿ.

ನೈಟ್‌ಡ್ಯೂಟಿ_ಸಿಸ್ಟರ್
ಡಾಕ್ಟರುಗಳು ಬೋಲಸ್ ಮಾತ್ರ ಲೆಕ್ಕ ಹಾಕ್ತೀರಾ. ಮೆಟ್ರೋನಿಡಜೋಲ್ 100, ಪ್ಯಾರಾಸಿಟಮಾಲ್ 100, ಆಂಟಿಬಯೋಟಿಕ್ ಕರಗಿಸಿದ್ದು 100 ಮೂರು ಸಲ, ಜೊತೆಗೆ ಯಾರೋ ಬರೆದ "ಡಿಎನ್‌ಎಸ್ 75 ಎಂಎಲ್ ಪರ್ ಅವರ್" ಯಾರೂ ನಿಲ್ಸಿಲ್ಲ ಅಂತ ಬೆಳಗಾನ ಹೋಗ್ತಾನೇ ಇರುತ್ತೆ. ಬೆಳಿಗ್ಗೆ ಇಂಟೇಕ್ ಕೂಡಿಸಿದ್ರೆ ನಾವೇ ಗಾಬರಿ. ಮೇಂಟೆನೆನ್ಸ್ ಬೇಡ ಅಂದ್ರೆ ಬಾಯಲ್ಲಿ ಹೇಳ್ಬೇಡಿ, ಶೀಟಲ್ಲಿ ಗೆರೆ ಎಳೆದು ಸ್ಟಾಪ್ ಅಂತ ಬರೀರಿ.

ಮತ್ತೆ ಆರ್‌ಎಲ್ ಹೋಗ್ತಿರೋ ಲೈನಲ್ಲೇ ಸೆಫ್ಟ್ರಿಯಾಕ್ಸೋನ್ ಹಾಕ್ಬೇಡಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತೆ. ಆರ್‌ಎಲ್ ನಿಲ್ಸಿ, ಎನ್‌ಎಸ್ ಫ್ಲಶ್ ಮಾಡಿ, ಔಷಧಿ ಕೊಟ್ಟು, ಮತ್ತೆ ಫ್ಲಶ್, ಆಮೇಲೆ ಆರ್‌ಎಲ್. ಇಲ್ಲಾಂದ್ರೆ ಇನ್ನೊಂದು ಕೈಲಿ ಬೇರೆ ಕ್ಯಾನುಲಾ, ಶಾಕ್ ಪೇಷಂಟ್‌ಗೆ ಹೇಗೂ ಎರಡು ಬೇಕೇ ಬೇಕು. 28 ದಿನದೊಳಗಿನ ಮಗುಗೆ ಇವೆರಡೂ ಒಟ್ಟಿಗೆ ಪೂರ್ತಿ ನಿಷಿದ್ಧ. ರಕ್ತ ಕೊಡೋ ಲೈನಲ್ಲೂ ಆರ್‌ಎಲ್ ಇಲ್ಲ.

ತಾಲ್ಲೂಕು_ಡ್ಯೂಟಿ
ಸಿಸ್ಟರ್ ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ. ಸ್ಟಾರ್ಚ್ ವಾಪಸ್ ಕಳ್ಸೋಕೆ ಫಾರ್ಮಸಿಯವ್ರಿಗೆ ಬರೆದಾಯ್ತು, ಆರ್‌ಎಲ್‌ಗೆ ಇಂಡೆಂಟ್ ಹಾಕಿದೀನಿ. ಕೊನೇ ಪ್ರಶ್ನೆ, ನಾರ್‌ಅಡ್ ಶುರು ಮಾಡಿ ಅಂತೀರಾ, ಆಂಬುಲೆನ್ಸಲ್ಲಿ ಸಿರಿಂಜ್ ಪಂಪ್ ಇಲ್ಲ. ಹೆಂಗೆ ಕಳ್ಸೋದು?

ಹುಬ್ಳಿ_ಅರಿವಳಿಕೆ
ಮೈಕ್ರೋಡ್ರಿಪ್ ಸೆಟ್ ಹಚ್ರಿ, ಅದ್ರಾಗ 60 ಹನಿಗೆ ಒಂದು ಎಂಎಲ್, ಅಂದ್ರ ನಿಮಿಷಕ್ಕ ಎಷ್ಟು ಹನಿಯೋ ಗಂಟೆಗೆ ಅಷ್ಟ ಎಂಎಲ್. 500 ಎಂಎಲ್ 5% ಡೆಕ್ಸ್‌ಟ್ರೋಸ್‌ಗೆ 4 ಮಿಲಿಗ್ರಾಂ ನಾರ್‌ಅಡ್ ಹಾಕಿದ್ರ ಒಂದು ಎಂಎಲ್‌ಗೆ 8 ಮೈಕ್ರೋಗ್ರಾಂ. ಆಂಪೂಲ್ ಮ್ಯಾಲೆ ಬೇಸ್ (ಅಸಲಿ ಔಷಧ) ಎಷ್ಟು ಅಂತ ಓದಿ ಹಾಕ್ರಿ, ಸಾಲ್ಟ್ ತೂಕ ನೋಡಿ ಮೋಸ ಹೋಗಬ್ಯಾಡ್ರಿ. ನಿಮಿಷಕ್ಕ 30 ಹನಿ ಅಂದ್ರ 4 ಮೈಕ್ರೋಗ್ರಾಂ, ಅಲ್ಲಿಂದ ಬಿಪಿ ನೋಡ್ಕೋತ ಏರಸ್ರಿ, ಮೀನ್ (ಸರಾಸರಿ) ಬಿಪಿ 65 ಬಂದ್ರ ಸಾಕು. ಬಾಟ್ಲಿ ಮ್ಯಾಲೆ ದೊಡ್ಡ ಅಕ್ಷರದಾಗ ನಾರ್‌ಅಡ್ ಅಂತ ಬರೀರಿ, ಇಲ್ಲಾಂದ್ರ ದಾರ್ಯಾಗ ಯಾರರ ಸಾದಾ ಡ್ರಿಪ್ ಅಂತ ತಿಳದು ಫುಲ್ ಬಿಟ್ಟುಬಿಡ್ತಾರ. ಮತ್ತ ಕೈ ಊದ್ತದ ಏನು, ಸೂಜಿ ಸುತ್ತ ಬೆಳ್ಳಗ ಆಗ್ತದ ಏನು ಅಂತ ಜೋಡಿ ಹೋಗೂ ಸಿಸ್ಟರ್‌ಗೆ ನೋಡ್ಲಿಕ್ಕೆ ಹೇಳ್ರಿ, ರಾತ್ರಿ ಆದ್ರ ಟಾರ್ಚ್ ಕೊಟ್ಟು ಕಳಸ್ರಿ.